ಬೆಲೆ ಒಂದೇ, ಹೊರೆ ಒಂದಲ್ಲ

ಎಣ್ಣೆಯ ಬೆಲೆ ಏರಿದಾಗಲೆಲ್ಲ ಮಂತ್ರಿಮಹಾಶಯರ ಬಾಯಲ್ಲಿ ಒಂದೇ ಮಂತ್ರ: ಇದು ಲೋಕದ ಪೇಟೆಯ ಧಾರಣೆ, ಎಲ್ಲರಿಗೂ ಸಮಾನ. ಧಾರಣೆ ಸಮಾನವಿರಬಹುದು. ಅದನ್ನು ತೆರುವ ಜೇಬುಗಳು ಸಮಾನವೇ ಎಂದು ನಾವು ಕೇಳುತ್ತೇವೆ.

ಈ ಸಮಾನತೆಯ ಬಣ್ಣ 2022ರಲ್ಲಿ ಬಯಲಾಯಿತು. ಫೆಬ್ರವರಿಯಲ್ಲಿ ರಷ್ಯಾ ಯುಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ರಷ್ಯಾದ ಅನಿಲ ಕಡಿಮೆಯಾದೊಡನೆ ಯುರೋಪಿನ ಸಿರಿವಂತ ರಾಷ್ಟ್ರಗಳು ಹಡಗಿನಲ್ಲಿ ಬರುವ ದ್ರವ ಅನಿಲಕ್ಕೆ ಕೇಳಿದ ಬೆಲೆ ಕೊಟ್ಟವು. ಹಡಗುಗಳು ಹಣವಿದ್ದ ಕಡೆಗೆ ತಿರುಗಿದವು. ಜುಲೈಯಲ್ಲಿ ಪಾಕಿಸ್ತಾನ ಹತ್ತು ಹಡಗು ಅನಿಲಕ್ಕೆ ಟೆಂಡರು ಕರೆದರೆ ಮಾರಲು ಒಬ್ಬನೂ ಮುಂದೆ ಬರಲಿಲ್ಲ. ಬಾಂಗ್ಲಾದೇಶ ಪೇಟೆಯ ಬೆಲೆಗೆ ಅನಿಲ ಕೊಳ್ಳುವುದನ್ನೇ ನಿಲ್ಲಿಸಿ, ಡೀಸೆಲ್ ವಿದ್ಯುತ್ ಸ್ಥಾವರಗಳನ್ನು ಮುಚ್ಚಿ, ಸರದಿಯ ಮೇಲೆ ಊರುಗಳಿಗೆ ಕತ್ತಲೆ ಹಂಚಿತು. ಅದೇ ವರ್ಷ ಜರ್ಮನಿ ತನ್ನ ಪ್ರಜೆಗಳ ಹೊರೆ ಇಳಿಸಲು 20,000 ಕೋಟಿ ಯೂರೋಗಳ ಯೋಜನೆ ಸಾರಿತು. ಎಕ್ಸಾನ್ ಮೊಬಿಲ್ ಎಂಬ ಒಂದೇ ಅಮೆರಿಕನ್ ಕಂಪೆನಿ ಆ ವರ್ಷ 5,500 ಕೋಟಿ ಡಾಲರಿಗೂ ಹೆಚ್ಚು ಲಾಭ ಬಾಚಿತು. ಯುದ್ಧದಲ್ಲಿ ಸತ್ತವರು ಯಾರೋ, ಕೊಬ್ಬಿದವರು ಯಾರೋ!

ಇನ್ನು ದುಡಿಯುವವರ ಮಾತು. 2022ರ ಆಗಸ್ಟಿನಲ್ಲಿ ಬಾಂಗ್ಲಾದೇಶದಲ್ಲಿ ಡೀಸೆಲ್ ಲೀಟರಿಗೆ 80 ಟಾಕಾದಿಂದ 114 ಟಾಕಾಕ್ಕೆ ಜಿಗಿಯಿತು. ಉಡುಪು ಕಾರ್ಖಾನೆಯ ಹೆಣ್ಣುಮಕ್ಕಳ ಕನಿಷ್ಠ ವೇತನ ಮಾತ್ರ 2018ರಲ್ಲಿ ಗೊತ್ತುಮಾಡಿದ ತಿಂಗಳಿಗೆ 8,000 ಟಾಕಾದಲ್ಲೇ ನಿಂತಿತ್ತು. ಅದು ಏರಿದ್ದು 2023ರ ಕೊನೆಗೆ. ಎಣ್ಣೆಯ ಬೆಲೆಗೆ ಒಂದು ರಾತ್ರಿ ಸಾಕು, ಕೂಲಿಗೆ ಐದು ವರ್ಷ ಬೇಕು!

ನಮ್ಮಲ್ಲಿ ಬೇರೇನಿದೆ? ಸರಕಾರಿ ನೌಕರನಿಗೆ ತುಟ್ಟಿಭತ್ಯೆ ಉಂಟು, ಇರತಕ್ಕದ್ದೇ. ಅಡಕೆ ಸುಲಿಯುವವಳಿಗೆ, ಮಂಡಿಯ ಹಮಾಲನಿಗೆ, ಗಾರೆ ಕೆಲಸದವನಿಗೆ? ಕನಿಷ್ಠ ಕೂಲಿಗೂ ತುಟ್ಟಿಭತ್ಯೆ ಉಂಟೆಂದು ಕಾನೂನಿನ ಪುಸ್ತಕ ಹೇಳುತ್ತದೆ. ಕೈಗೆ ಬರುವುದು ಧಣಿ ಕೊಟ್ಟಷ್ಟೇ. ಬಸ್ಸಿನ ಚಾರ್ಜು, ಸಿಲಿಂಡರು, ಬಾಡಿಗೆ ಟ್ರ್ಯಾಕ್ಟರು ಎಲ್ಲವೂ ಇಬ್ಬರಿಗೂ ಒಂದೇ ದರ. ದುಡಿಯುವವರಲ್ಲೇ ಈ ಪಂಕ್ತಿಭೇದ!

ಲೋಕದ ಪೇಟೆಯ ನೆಪವೂ ಪ್ರಾಮಾಣಿಕವಲ್ಲ. 2020ರಲ್ಲಿ ಕಚ್ಚಾ ತೈಲದ ಬೆಲೆ ಕುಸಿದಾಗ, ದೇಶಕ್ಕೆಲ್ಲ ಬೀಗ ಬಿದ್ದು ಕೂಲಿಯವರು ಕೈಕಟ್ಟಿ ಕುಳಿತಿದ್ದ ಮೇ ತಿಂಗಳಲ್ಲೇ, ಕೇಂದ್ರ ಸರಕಾರ ಪೆಟ್ರೋಲಿನ ಮೇಲೆ ಲೀಟರಿಗೆ 10 ರೂಪಾಯಿ, ಡೀಸೆಲ್ಲಿನ ಮೇಲೆ 13 ರೂಪಾಯಿ ತೆರಿಗೆ ಏರಿಸಿತು. 2021 ಮತ್ತು 2022ರಲ್ಲಿ ಇಳಿಸಿದ್ದು ನಿಜ. ಆದರೆ ಅಗ್ಗದ ಕಾಲ ಅಷ್ಟರಲ್ಲಿ ಕಳೆದಿತ್ತು. ಏರಿದ ಬೆಲೆ ಬಡವನ ಪಾಲು, ಇಳಿದ ಬೆಲೆ ಬೊಕ್ಕಸದ ಪಾಲು. ಇದು ಪೇಟೆಯ ನಿಯಮವಲ್ಲ, ಸರಕಾರದ ನೀತಿ. ನೀತಿಯನ್ನು ಬದಲಿಸಬಹುದು.

ಅಗತ್ಯ ಸರಕಿನ ಬೆಲೆ ಉತ್ಪಾದನೆಯ ವೆಚ್ಚದ ಒಂದೂವರೆ ಪಟ್ಟು ಮೀರಕೂಡದೆಂದು ಲೋಹಿಯಾ ವಾದಿಸಿದ್ದರು. ಬೆಲೆಗೆ ಕಡಿವಾಣ ಬೇಕೆಂಬ ಆ ಮಾತು ಹಳತಾಗಿಲ್ಲ. ನಮ್ಮ ಬೇಡಿಕೆಗಳು ಮೂರು. ತೈಲ ಕಂಪೆನಿಗಳ ಅನಿರೀಕ್ಷಿತ ಲಾಭದ ಮೇಲೆ 2022ರಲ್ಲಿ ಹಾಕಿ 2024ರಲ್ಲಿ ಕಿತ್ತ ತೆರಿಗೆ ಶಾಶ್ವತ ಕಾನೂನಾಗಲಿ. ಉಳುಮೆಯ ಡೀಸೆಲ್ಲಿಗೂ ಬಡವರ ಒಲೆಗೂ ಬೆಲೆಯ ಮಿತಿ ಗೊತ್ತಾಗಲಿ. ಕೂಲಿಕಾರನ ತುಟ್ಟಿಭತ್ಯೆಯನ್ನು ಕೊಡದ ಧಣಿಗೆ ದಂಡ ಬೀಳಲಿ.

ಇದಕ್ಕಾಗಿ ಭತ್ಯೆಯುಳ್ಳ ನೌಕರ ಬಂಧುಗಳೂ ಭತ್ಯೆಯಿಲ್ಲದ ಕೂಲಿಕಾರರೂ ಒಂದೇ ಪಂಕ್ತಿಯಲ್ಲಿ ಕೂರಬೇಕು. ನಾವು ಬೇರೆ ಬೇರೆ ಕುಳಿತಿರುವವರೆಗೆ ಬಡಿಸುವವನಿಗೆ ಚಿಂತೆಯಿಲ್ಲ.