ಪಿಡಿಎಫ್‌ನಲ್ಲಿ ಹುಡುಕಿದರೆ ಹೆಸರು ಸಿಗುತ್ತಿಲ್ಲವೇ? ‘ಪಟ್ಟಿಯಿಂದ ತೆಗೆದಿದ್ದಾರೆ’ ಎಂದು ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ

ಗ್ರೂಪಿಗೆ ಒಂದು ಪಟ್ಟಿ ಬರುತ್ತದೆ. ಯಾವುದೋ ಯೋಜನೆಯ ಫಲಾನುಭವಿಗಳದ್ದಿರಬಹುದು, ಪರೀಕ್ಷೆ ಬರೆದವರದ್ದಿರಬಹುದು. ನೂರಾರು ಪುಟ ಯಾರು ಓದುತ್ತಾರೆ? ಹುಡುಕುವ ಗುರುತು ಒತ್ತಿ ‘ಪಾರ್ವತಿ’ ಎಂದು ಟೈಪ್ ಮಾಡುತ್ತೇವೆ. ಒಂದೂ ಸಿಗುವುದಿಲ್ಲ. ಸ್ವಲ್ಪ ಹೊತ್ತಿಗೆ ‘ನಮ್ಮ ಊರಿನವರ ಹೆಸರೆಲ್ಲ ಕಿತ್ತುಹಾಕಿದ್ದಾರೆ, ಎಲ್ಲರಿಗೂ ಕಳಿಸಿ’ ಎಂಬ ಸಂದೇಶ ಹೊರಟಿರುತ್ತದೆ. ಹೆಸರು ಮಾತ್ರ ಹದಿನೇಳನೇ ಪುಟದಲ್ಲಿ ಕಣ್ಣಿಗೆ ಕಾಣುವಂತೆ ಹಾಗೇ ಕೂತಿರಬಹುದು.

ಇನ್ನು ಕೆಲವು ಕಡತಗಳಲ್ಲಿ ಕನ್ನಡವೇ ಕಾಣುವುದಿಲ್ಲ. ಅದರ ಬದಲು ವಿಚಿತ್ರ ಇಂಗ್ಲಿಷ್ ಅಕ್ಷರಗಳು ಅಥವಾ ಖಾಲಿ ಚೌಕಗಳು. ಆಗ ಬರುವ ಉತ್ತರಗಳೂ ಗೊತ್ತಿರುವಂಥವೇ: ಫೈಲಿಗೆ ವೈರಸ್ ಹೊಡೆದಿದೆ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರಿಂದ ಕೆಟ್ಟಿತು, ನಿಮ್ಮ ಫೋನಿನಲ್ಲಿ ಕನ್ನಡ ಇಲ್ಲ. ಇವು ಯಾವುವೂ ಕಾರಣವಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿದ ಪಿಡಿಎಫ್‌ನ ಅಕ್ಷರಗಳನ್ನು ವಾಟ್ಸ್‌ಆ್ಯಪ್ ಮುಟ್ಟುವುದಿಲ್ಲ. ಅಕ್ಷರ ಕಲಸಿಹೋಗಿರುವುದು ವೈರಸ್‌ನ ಲಕ್ಷಣವೂ ಅಲ್ಲ. (ಗುರುತಿಲ್ಲದವರು ಕಳಿಸಿದ ಫೈಲ್ ತೆರೆಯಬಾರದು ಎಂಬ ಮಾತು ಬೇರೆ, ಅದು ಸರಿಯಾದದ್ದೇ.)

ಪಿಡಿಎಫ್ ಅನ್ನು ಅಡೋಬಿ ಕಂಪನಿ 1993ರಲ್ಲಿ ಹೊರತಂದಿತು. ಯಾವ ಕಂಪ್ಯೂಟರಿನಲ್ಲಿ ತೆರೆದರೂ ಪುಟ ಒಂದೇ ರೀತಿ ಕಾಣಬೇಕು ಎಂಬುದು ಅದರ ಉದ್ದೇಶ. ಹಾಗಾಗಿ ಅದು ‘ಇಲ್ಲಿ ಪಾರ್ವತಿ ಎಂಬ ಪದ ಇದೆ’ ಎಂದು ಬರೆದಿಡುವುದಿಲ್ಲ. ‘ಈ ಫಾಂಟಿನ ಇಂತಿಷ್ಟನೇ ಆಕಾರವನ್ನು ಪುಟದ ಈ ಜಾಗದಲ್ಲಿ ಕೂರಿಸು’ ಎಂದು ಬರೆದಿಡುತ್ತದೆ. ಒಂದು ರೀತಿಯಲ್ಲಿ ಅದು ಚಿತ್ರ. ಫಾಂಟನ್ನೂ ಕಡತದೊಳಗೇ ಸೇರಿಸಿದ್ದರೆ ನೋಟ ಸರಿಯಾಗಿರುತ್ತದೆ. ಸೇರಿಸದಿದ್ದರೆ ಫೋನು ತನ್ನಲ್ಲಿರುವ ಬೇರೆ ಯಾವುದೋ ಫಾಂಟಿನಿಂದ ಕೆಲಸ ಸಾಗಿಸುತ್ತದೆ. ಯಾವ ಆಕಾರ ಎಂದರೆ ಯಾವ ಅಕ್ಷರ ಎಂದು ತಿಳಿಸುವ ಒಂದು ಕೋಷ್ಟಕವನ್ನೂ ಒಳಗೆ ಇಡಬಹುದು. ಹುಡುಕುವಾಗ, ಕಾಪಿ ಮಾಡುವಾಗ ಉಪಯೋಗಕ್ಕೆ ಬರುವುದು ಅದೇ. ಕನ್ನಡ ಎಡವುವುದೂ ಹೆಚ್ಚಾಗಿ ಅಲ್ಲೇ.

ಇದರ ಹಿಂದೆ ಹಳೆಯ ಕಥೆಯೊಂದಿದೆ. ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ 128 ಜಾಗ ಮೀಸಲಿಟ್ಟಿದ್ದರೂ ನಮ್ಮ ಡಿಟಿಪಿ ಅಂಗಡಿಗಳ ಪೇಜ್‌ಮೇಕರ್‌ನಂಥ ತಂತ್ರಾಂಶಗಳಿಗೆ ಅದು ಗೊತ್ತಿರಲಿಲ್ಲ. ಹಾಗಾಗಿ ಬರಹ, ನುಡಿ, ಶ್ರೀಲಿಪಿಗಳ ಹಳೆಯ ಫಾಂಟುಗಳು ಒಂದು ಉಪಾಯ ಮಾಡಿದವು: ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದವು. ಹಳೆಯ ನುಡಿಯಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದ್ದು ಕಂಪ್ಯೂಟರಿನ ಲೆಕ್ಕದಲ್ಲಿ ಒಂದು ಪಿ, ತಲೆಯ ಮೇಲೆ ಗೀರಿರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಕೊನೆಯ ಹತ್ತಿರ ಒಂದು ಕ್ಯೂ. ಫಾಂಟ್ ಇರುವಷ್ಟು ಹೊತ್ತು ಅದು ಕನ್ನಡ, ಫಾಂಟ್ ಹೋದರೆ ಒಳಗಿನ ಪೌಂಡ್ ಚಿಹ್ನೆ ಹೊರಗೆ. ಆ ಕಾಲಕ್ಕೆ ಅದು ಒಳ್ಳೆಯ ಉಪಾಯವೇ ಆಗಿತ್ತು, ಕನ್ನಡ ಮುದ್ರಣ ಅದರಿಂದಲೇ ನಡೆಯಿತು. ಆದರೆ ಆ ಕಡತಗಳೂ ಆ ಅಭ್ಯಾಸವೂ ಇನ್ನೂ ಬಳಕೆಯಲ್ಲಿವೆ. ಇಂಥ ಪಿಡಿಎಫ್ ಫಾಂಟ್ ಸಮೇತ ಬಂದು ನೋಡಲು ಚೆನ್ನಾಗಿದ್ದರೂ, ಅದರಲ್ಲಿ ನೀವು ಯಾವ ಕನ್ನಡ ಪದ ಹುಡುಕಿದರೂ ಸಿಗುವುದಿಲ್ಲ.

ಹಾಗಾದರೆ ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಎಲ್ಲ ಸರಿಯೇ? ಇಲ್ಲ, ಅರ್ಕಾವೊತ್ತು ಇದೆಯಲ್ಲ! ‘ಪಾರ್ವತಿ’ಯಲ್ಲಿ ‘ರ್’ ಉಚ್ಚಾರದಲ್ಲೂ ಯೂನಿಕೋಡ್‌ನಲ್ಲೂ ‘ವ’ಕ್ಕಿಂತ ಮೊದಲು, ಪುಟದ ಮೇಲೆ ಮಾತ್ರ ‘ವ’ದ ನಂತರ. ಪಿಡಿಎಫ್ ಪುಟದ ಮೇಲಿನ ಸಾಲನ್ನೇ ನಂಬುತ್ತದೆ. ಹಾಗಾಗಿ ಕಾಪಿ ಮಾಡಿದರೆ ‘ಪಾವರ್ತಿ’ ಬರುತ್ತದೆ. ಅಂತರ್ಜಾಲದಲ್ಲಿ ‘ಕನಾರ್ಟಕ’, ‘ಸಕಾರ್ರ’ ಎಂಬ ರೂಪಗಳನ್ನು ನೀವೂ ನೋಡಿರುತ್ತೀರಿ. ಅವೆಲ್ಲ ಬರೆದವರ ಕಾಗುಣಿತದ ತಪ್ಪಲ್ಲ; ಎಷ್ಟೋ ಸಲ ಹೀಗೆ ಪಿಡಿಎಫ್‌ನಿಂದ ಎತ್ತಿದ ಪಠ್ಯ. ಆಕಾರಗಳ ಹಿಂದೆ ನಿಜವಾದ ಪದವನ್ನೂ ಅಡಗಿಸಿಡುವ ವ್ಯವಸ್ಥೆ ಪಿಡಿಎಫ್‌ನಲ್ಲಿದೆ, ಆದರೆ ಎಲ್ಲ ತಂತ್ರಾಂಶಗಳೂ ಅದನ್ನು ಬಳಸುವುದಿಲ್ಲ. ಕಣ್ಣು ಕಾಣದವರು ಸ್ಕ್ರೀನ್ ರೀಡರ್‌ನಲ್ಲಿ ಸುತ್ತೋಲೆ ಕೇಳಿಸಿಕೊಳ್ಳುವಾಗ ಅವರ ಕಿವಿಗೆ ಬೀಳುವುದೂ ಈ ‘ಸಕಾರ್ರ’ವೇ. ನಮ್ಮ ಪ್ರಕಾರ ಇದು ಹುಡುಕಾಟ ಕೈಕೊಡುವುದಕ್ಕಿಂತ ದೊಡ್ಡ ತೊಂದರೆ.

ಪಟ್ಟಿ ನಿಮ್ಮ ಕೈಗೆ ಬಂದಿದ್ದರೆ ಹೆಸರಿನ ಬದಲು ಅರ್ಜಿ ಸಂಖ್ಯೆ ಅಥವಾ ನೋಂದಣಿ ಸಂಖ್ಯೆ ಹಾಕಿ ಹುಡುಕಿ; ಅಂಕಿಗಳು ಸಾಮಾನ್ಯವಾಗಿ ಕೆಡುವುದಿಲ್ಲ. ‘ಪಾವರ್ತಿ’ ಎಂದು ಬೇಕೆಂದೇ ತಪ್ಪಾಗಿ ಟೈಪ್ ಮಾಡಿದರೆ ಸಿಗುವುದೂ ಉಂಟು. ಅಂಕಿಯೂ ಸಿಗದಿದ್ದರೆ ಅದು ಬರೀ ಸ್ಕ್ಯಾನ್ ಮಾಡಿದ ಪುಟ ಇರಬಹುದು, ಕಣ್ಣಿನಿಂದಲೇ ನೋಡಬೇಕು. ಫೋನಿಗೆ ಹಳೆಯ ಫಾಂಟ್ ಹಾಕಿಕೊಳ್ಳುವುದರಿಂದ ಸಾಮಾನ್ಯವಾಗಿ ಏನೂ ಆಗದು. ‘ಪಿಡಿಎಫ್ ಸರಿಮಾಡುತ್ತೇವೆ’ ಎನ್ನುವ ಗುರುತಿಲ್ಲದ ಜಾಲತಾಣಕ್ಕೆ ಆಧಾರ್ ಅಥವಾ ಬ್ಯಾಂಕ್ ವಿವರ ಇರುವ ಕಡತವನ್ನಂತೂ ಹಾಕಬೇಡಿ.

ಪಿಡಿಎಫ್ ಮಾಡುವವರು ನೀವೇ ಆಗಿದ್ದರೆ ಹಳೆಯ ಕಡತವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ನುಡಿ, ಬರಹ ತಂತ್ರಾಂಶಗಳಲ್ಲೇ ಪರಿವರ್ತಕಗಳಿವೆ. ಬರೀ ಫಾಂಟ್ ಬದಲಿಸಿ ನಿರ್ಮಲಾ ಅಥವಾ ನೋಟೋ ಹಾಕಿದರೆ ಮತ್ತೆ ಪೌಂಡ್ ಚಿಹ್ನೆಯೇ ಬರುತ್ತದೆ. ವರ್ಡ್‌ನಲ್ಲಿ ಪಿಡಿಎಫ್ ಆಗಿ ಸೇವ್ ಮಾಡುವಾಗ ಆಪ್ಷನ್ಸ್ ಒಳಗೆ ‘ಪಿಡಿಎಫ್/ಎ’ ಎಂಬ ಚೌಕಕ್ಕೆ ಗುರುತು ಹಾಕಿ. ಆ ಮಾದರಿಯಲ್ಲಿ ಫಾಂಟ್ ಸೇರಿಸುವುದು ಕಡ್ಡಾಯ, ಹಾಗಾಗಿ ನೋಟದ ಸಮಸ್ಯೆ ತಪ್ಪುತ್ತದೆ. ಅರ್ಕಾವೊತ್ತಿನದು ಇದರಿಂದ ತಪ್ಪುವುದಿಲ್ಲ. ಅದಕ್ಕೆ ಒಂದು ಸಣ್ಣ ಪರೀಕ್ಷೆ: ಸಿದ್ಧವಾದ ಪಿಡಿಎಫ್ ಅನ್ನು ಫೋನಿನಲ್ಲಿ ತೆರೆದು ‘ಕರ್ನಾಟಕ’ದಂಥ ಒಂದು ಪದವನ್ನು ಕಾಪಿ ಮಾಡಿ ಚಾಟ್‌ನಲ್ಲಿ ಪೇಸ್ಟ್ ಮಾಡಿ ನೋಡಿ. ‘ಕನಾರ್ಟಕ’ ಬಂದರೆ ಪಿಡಿಎಫ್ ಜೊತೆಗೆ ಮೂಲ ವರ್ಡ್ ಅಥವಾ ಎಕ್ಸೆಲ್ ಕಡತವನ್ನೂ ಕಳಿಸಿ, ಹುಡುಕುವವರು ಅದರಲ್ಲಿ ಹುಡುಕಿಕೊಳ್ಳುತ್ತಾರೆ.