ಬೇಲ್ ಸಿಕ್ಕ ಸಂಜೆ ತಪ್ಪುವ ಗುಳಿಗೆ

ಶಿಕ್ಷೆಯಾದ ಕೈದಿ ಯಾವತ್ತು ಹೊರಬೀಳುತ್ತಾನೆ ಎಂಬುದು ಜೈಲಿನವರಿಗೆ ಮೊದಲೇ ಗೊತ್ತಿರುತ್ತದೆ. ವಿಚಾರಣಾಧೀನನಿಗೆ ಅಂಥ ತಾರೀಖಿಲ್ಲ. ಶಹಾಪುರ ಅಥವಾ ಸುರಪುರದ ಕೋರ್ಟಿನಲ್ಲಿ ಬೇಲ್ ಆಗುತ್ತದೆ, ಜಾಮೀನುದಾರರು ಪಹಣಿ ಹಿಡಿದು ಓಡಾಡುತ್ತಾರೆ, ಆದೇಶ ಯಾದಗಿರಿಯ ಜಿಲ್ಲಾ ಕಾರಾಗೃಹ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಲು ಬಂದಿರುತ್ತದೆ. ಆ ಗಡಿಬಿಡಿಯಲ್ಲಿ ಬಟ್ಟೆಗಂಟು ಕೈಗೆ ಬರುತ್ತದೆ, ಊರಿನ ಬಸ್ಸೂ ಸಿಗುತ್ತದೆ. ಟಿಬಿಯ ಗುಳಿಗೆಯೋ ಮೂರ್ಛೆರೋಗದ ಗುಳಿಗೆಯೋ ಒಳಗೇ ಉಳಿಯುವುದು ಹೀಗೆ. ದೇಶದ ಕೈದಿಗಳಲ್ಲಿ ನಾಲ್ವರಿಗೆ ಮೂವರು ವಿಚಾರಣಾಧೀನರು. 2022ರ ಸರ್ಕಾರಿ ಲೆಕ್ಕದಲ್ಲಿ ಅದು ಶೇ 75.8. ಹಾಗಾಗಿ ಈ ಸಂಜೆಯ ಗೊಂದಲವೇ ಬಹುಪಾಲು ಬಿಡುಗಡೆಗಳ ರೀತಿ ಎನ್ನಬೇಕು.

ಕಾನೂನಿನಲ್ಲಿ ಕೊರತೆ ಹುಡುಕಿದರೆ ಅಷ್ಟಾಗಿ ಸಿಗುವುದಿಲ್ಲ. ಬಂಧಿಸಿದ ಕೂಡಲೇ ವೈದ್ಯರಿಂದ ತಪಾಸಣೆ ಆಗಬೇಕು, ಅದರ ಪ್ರತಿಯನ್ನು ಬಂಧಿತನಿಗೇ ಅಥವಾ ಆತ ಹೇಳಿದವರಿಗೆ ಕೊಡಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 53ನೇ ಕಲಂ ಹೇಳುತ್ತದೆ. ಈ ಕಾಗದವನ್ನು ಕೇಳಿ ಪಡೆಯುವ ಮನೆಯವರು ಎಷ್ಟು ಮಂದಿ? ಹೊಡೆತದ ಗಾಯವಿದ್ದರೆ ಅದಕ್ಕೆ ಸಾಕ್ಷಿ ಇದೇ, ಮೊದಲಿನಿಂದಲೂ ಸಕ್ಕರೆ ಕಾಯಿಲೆ ಇತ್ತು ಎನ್ನುವುದಕ್ಕೆ ಆಧಾರವೂ ಇದೇ. ಅಪರಾಧಿಯಾಗಲಿ ನಿರಪರಾಧಿಯಾಗಲಿ, ಜೀವ ಉಳಿಸುವುದು ವೈದ್ಯರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿಯಾಗಿದೆ.

ಒಳಹೋದ ಮೊದಲ ಮೂರು ದಿನ ನಮ್ಮ ಭಾಗದಲ್ಲಿ ವಿಶೇಷವಾಗಿ ನಾಜೂಕು. ದಿನಾ ಕುಡಿಯುತ್ತಿದ್ದವನಿಗೆ ಕುಡಿತ ಒಮ್ಮೆಲೇ ತಪ್ಪಿದರೆ ಎರಡು–ಮೂರು ದಿನದಲ್ಲಿ ಕೈನಡುಕ, ಬೆವರು, ಇಲ್ಲದ್ದು ಕಾಣುವುದು, ಫಿಟ್ಸ್ ಬರಬಹುದು. ಚಿಕಿತ್ಸೆ ಇಲ್ಲದಿದ್ದರೆ ಜೀವಕ್ಕೇ ಕುತ್ತು. ತೆಲಂಗಾಣದ ಗಡಿಯ ಊರುಗಳಲ್ಲಿ ಸಿ.ಎಚ್. ಪೌಡರ್ (ಕ್ಲೋರಲ್ ಹೈಡ್ರೇಟ್) ಬೆರೆಸಿದ ಸೇಂದಿಗೆ ಬಿದ್ದವರ ಪಾಡೂ ಇಂಥದ್ದೇ. ನೋಡುವವರಿಗೆ ಇದು ಹುಚ್ಚಾಟ ಅಥವಾ ನಾಟಕದಂತೆ ಕಾಣುತ್ತದೆ, ಆಗ ಔಷಧದ ಬದಲು ಬೆತ್ತ ಮಾತಾಡುವ ಅಪಾಯವಿದೆ. ಕೊನೆಯ ಬಾರಿ ಕುಡಿದದ್ದು ಯಾವಾಗ ಎಂಬ ಒಂದು ಪ್ರಶ್ನೆ ದಾಖಲಾತಿಯ ಹೊತ್ತಿಗೇ ಕೇಳಿದರೆ ಅರ್ಧ ಕೆಲಸ ಆದಂತೆ.

ಮನಸ್ಸಿನ ಕಾಯಿಲೆಯ ಮಾತು ಇನ್ನೂ ಹಿಂದೆ ಬಿದ್ದಿದೆ. ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಅಮಿತಾವ ರಾಯ್ ಸಮಿತಿಯ ಪ್ರಕಾರ 2017ರಿಂದ 2021ರವರೆಗೆ ದೇಶದ ಜೈಲುಗಳಲ್ಲಿ ಆದ 817 ಅಸಹಜ ಸಾವುಗಳಲ್ಲಿ 660 ಆತ್ಮಹತ್ಯೆಗಳು. ಬಂಧನದಲ್ಲಿನ ಸಾವು ಸುರಪುರಕ್ಕೆ ಹಳೆಯ ಗಾಯವೂ ಹೌದು: 1858ರಲ್ಲಿ ಸೆರೆಯಾಳಾಗಿದ್ದ ರಾಜಾ ವೆಂಕಟಪ್ಪ ನಾಯಕ ತಾನೇ ಗುಂಡು ಹಾರಿಸಿಕೊಂಡ ಎಂದು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಬರೆದಿಟ್ಟ, ಅದನ್ನು ನಂಬದವರು ಊರಲ್ಲಿ ಇಂದಿಗೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಚಿಕಿತ್ಸಾ ಘಟಕ ಇರಬೇಕು ಎನ್ನುತ್ತದೆ. ರಾಜ್ಯಕ್ಕೊಂದು ಎಂದರೆ ಯಾದಗಿರಿಯವನಿಗೆ ಎಷ್ಟು ದೂರ ಎಂಬುದನ್ನು ಕಾಯ್ದೆ ಬರೆದವರು ಲೆಕ್ಕ ಹಾಕಿದಂತಿಲ್ಲ.

ದೂರದ ಜೊತೆ ಬೆಂಗಾವಲಿನ ಸಮಸ್ಯೆಯೂ ಸೇರುತ್ತದೆ. ಕೈದಿಯನ್ನು ಆಸ್ಪತ್ರೆಗೆ ಒಯ್ಯಲು ಪೊಲೀಸ್ ಕಾವಲು ಬೇಕು. ಬಂದೋಬಸ್ತಿನ ದಿನ, ಜಾತ್ರೆಯ ದಿನ, ಚುನಾವಣೆಯ ದಿನ ಕಾವಲು ಸಿಗುವುದಿಲ್ಲ, ತಜ್ಞರನ್ನು ಕಾಣುವ ದಿನ ಮುಂದೆ ಹೋಗುತ್ತದೆ. ಯಾದಗಿರಿಯಲ್ಲೇ ಈಗ ವೈದ್ಯಕೀಯ ಕಾಲೇಜು ಇರುವುದರಿಂದ ಪ್ರತಿಯೊಂದಕ್ಕೂ ಕಲಬುರಗಿಯ ದಾರಿ ಹಿಡಿಯುವ ಕಾರಣವಿಲ್ಲ. ಕೈದಿಯನ್ನು ವೈದ್ಯರ ಬಳಿ ಒಯ್ಯುವುದಕ್ಕಿಂತ ವೈದ್ಯರೇ ವಾರಕ್ಕೊಮ್ಮೆ ಜೈಲಿಗೆ ಬರುವುದು ಅಗ್ಗ ಎಂಬುದು ನನ್ನ ಎಣಿಕೆ.

ಹೊರಬಂದ ಮೇಲೆ ಏನಾಗುತ್ತದೆ ಎಂಬುದಕ್ಕೆ ದೂರದ ದೇಶದ ಒಂದು ಅಧ್ಯಯನವಿದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದ 30 ಸಾವಿರಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿ 2007ರಲ್ಲಿ ಪ್ರಕಟವಾದ ವರದಿ, ಮೊದಲ ಎರಡು ವಾರದಲ್ಲಿ ಅವರ ಸಾವಿನ ಅಪಾಯ ಉಳಿದ ನಿವಾಸಿಗಳಿಗಿಂತ 12.7 ಪಟ್ಟು ಹೆಚ್ಚು ಎಂದಿತು. ಅಲ್ಲಿ ಮುಖ್ಯ ಕಾರಣ ಮಾದಕ ವಸ್ತು. ನಮ್ಮಲ್ಲಿ ಕಾರಣಗಳು ಬೇರೆ, ಆದರೆ ಆ ಎರಡು ವಾರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಸಾಮಾನ್ಯ ಟಿಬಿಗೆ ಆರು ತಿಂಗಳು ಔಷಧ ನುಂಗಬೇಕು. ನಡುವೆ ಬಿಟ್ಟರೆ ಔಷಧಕ್ಕೆ ಬಗ್ಗದ ಟಿಬಿಯಾಗಿ ಮನೆಯ ಮಕ್ಕಳಿಗೂ ಹರಡಬಹುದು. ಸರ್ಕಾರದ ಟಿಬಿ ನೋಂದಣಿಯ ನಿಕ್ಷಯ್ ನಂಬರು ಇದ್ದರೆ ದೇಶದ ಯಾವ ಸರ್ಕಾರಿ ಆಸ್ಪತ್ರೆಯಲ್ಲೂ ಚಿಕಿತ್ಸೆ ಮುಂದುವರಿಯುತ್ತದೆ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬೀಳುತ್ತದೆ. ಆ ನಂಬರು ಕೈದಿಯ ಕೈಯಲ್ಲಿರಬೇಕು, ಜೈಲಿನ ರಿಜಿಸ್ಟರಿನಲ್ಲಿದ್ದರೆ ಸಾಲದು. ಎಚ್‌ಐವಿ ಔಷಧಕ್ಕೂ ಇದೇ ಮಾತು.

ಇದರ ಮೇಲೆ ಗುಳೆ. ಸುರಪುರದ ತಾಂಡಾದವನು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗಿ ಅಲ್ಲಿ ಕೇಸಿನಲ್ಲಿ ಸಿಕ್ಕರೆ ಪರಪ್ಪನ ಅಗ್ರಹಾರದ ಜೈಲಿನಲ್ಲಿ ಚಿಕಿತ್ಸೆ ಶುರುವಾಗುತ್ತದೆ, ಬಿಡುಗಡೆಯಾದರೆ ಮುಂದುವರಿಯಬೇಕಾದದ್ದು ಸುರಪುರದ ತಾಲ್ಲೂಕು ಆಸ್ಪತ್ರೆಯಲ್ಲಿ. ಇಬ್ಬರು ವೈದ್ಯರ ನಡುವೆ ಫೋನೂ ಇಲ್ಲ, ಪತ್ರವೂ ಇಲ್ಲ. ಕೈದಿಗಳ ಚಿಕಿತ್ಸೆ ನಡುವೆ ಕಡಿಯಬಾರದು ಎಂದು ವಿಶ್ವಸಂಸ್ಥೆಯ 2015ರ ಮಂಡೇಲಾ ನಿಯಮಗಳು ಹೇಳುತ್ತವೆ.

ಬಿಡುಗಡೆಯ ದಿನ ಗೊತ್ತಿಲ್ಲ ಎಂದಮೇಲೆ ತಯಾರಿ ದಾಖಲಾದ ದಿನವೇ ಶುರುವಾಗಬೇಕು: ಕಾಯಿಲೆ, ಔಷಧ, ನಿಕ್ಷಯ್ ನಂಬರು, ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಹೆಸರು ಇರುವ ಒಂದು ಚೀಟಿ, ಅದರೊಡನೆ ಎರಡು ವಾರದ ಗುಳಿಗೆಯ ಪೊಟ್ಟಣ ಕಚೇರಿಯಲ್ಲೇ ಸಿದ್ಧವಿರಲಿ. ಬೇಲ್ ಅರ್ಜಿ ಹಾಕುವಾಗಲೇ ವಕೀಲರು ಚಿಕಿತ್ಸೆಯ ದಾಖಲೆ ಕೊಟ್ಟು ಕಳಿಸುವಂತೆ ಕೋರ್ಟನ್ನು ಕೇಳಬಹುದು. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಯಾದಗಿರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ; ಬಂಧನದಲ್ಲಿರುವವರಿಗೆ ಉಚಿತ ವಕೀಲರು ಸಿಗಲು ಆದಾಯದ ಪ್ರಮಾಣಪತ್ರ ಬೇಕಿಲ್ಲ.