ಹುಡುಕೋ ಬಾಕ್ಸ್ ಬೇರೆ, ಇಂಡೆಕ್ಸ್ ಬೇರೆ

2024ರ ಮೇ 23ರಂದು ಮೈಕ್ರೋಸಾಫ್ಟಿನ ಬಿಂಗ್ ಕೆಲವು ಗಂಟೆ ಕೆಟ್ಟು ಕೂತಿತು. ಅದರ ಜೊತೆಗೇ ಡಕ್‌ಡಕ್‌ಗೋ, ಇಕೋಸಿಯಾ ಕೂಡ ಕೈಕೊಟ್ಟವು. ‘ಗೂಗಲ್ ಬೇಡಪ್ಪಾ, ಟ್ರ್ಯಾಕ್ ಮಾಡುತ್ತೆ’ ಅಂತ ಅಲ್ಲಿಗೆ ಹೋಗಿದ್ದ ಎಷ್ಟೋ ಜನರಿಗೆ ಅವತ್ತೇ ಗೊತ್ತಾಗಿದ್ದು: ಬೋರ್ಡು ಬೇರೆ ಬೇರೆ, ಅಡುಗೆಮನೆ ಮಾತ್ರ ಒಂದೇ. ಈ ಎರಡೂ ತಮ್ಮ ಫಲಿತಾಂಶಗಳಿಗೆ ಹೆಚ್ಚಾಗಿ ಬಿಂಗನ್ನೇ ನೆಚ್ಚಿಕೊಂಡಿದ್ದವು.

ಸರ್ಚ್ ಇಂಜಿನ್ ಅಂದ್ರೆ ನಮಗೆ ಕಾಣೋದು ಆ ಬಾಕ್ಸ್ ಅಷ್ಟೇ. ನಿಜವಾದ ಆಸ್ತಿ ಇಂಡೆಕ್ಸ್. ಕ್ರಾಲರ್ ಪುಟಗಳನ್ನು ತರುತ್ತೆ, ಯಾವ ಪದ ಯಾವ ಪುಟದಲ್ಲಿದೆ ಅನ್ನೋ ಪಟ್ಟಿ ತಯಾರಾಗುತ್ತೆ. ಪರೀಕ್ಷೆ ಹಿಂದಿನ ರಾತ್ರಿ ಟೆಕ್ಸ್ಟ್‌ಬುಕ್ಕಿನ ಕೊನೇ ಪುಟಗಳನ್ನ ತಿರುವಿಹಾಕ್ತೀವಲ್ಲ, ಅದೇ ಥರದ ಪಟ್ಟಿ. ಅದರಲ್ಲಿಲ್ಲದ ಪುಟ ಹುಡುಕುವವನ ಪಾಲಿಗೆ ಇಲ್ಲವೇ ಇಲ್ಲ. ಹಾಗಾಗಿ ಪಟ್ಟಿ ಯಾರ ಕೈಲಿದೆ ಅನ್ನೋದು ಮುಖ್ಯ. 2025ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟ್ ತನ್ನ ಬಿಂಗ್ ಸರ್ಚ್ ಎಪಿಐ ಮುಚ್ಚಿದಾಗ, ಅದನ್ನೇ ನಂಬಿದ್ದ ಡೆವಲಪರ್‌ಗಳು ಬೇರೆ ದಾರಿ ನೋಡಬೇಕಾಯ್ತು.

ಆದರೂ ಸ್ವಂತ ಇಂಡೆಕ್ಸ್ ಕಟ್ಟೋ ಚಿಕ್ಕವರು ಇದ್ದಾರೆ. ಇಂಗ್ಲೆಂಡಿನ ಮೊಜೀಕ್ 2004ರಿಂದ ತನ್ನದೇ ಕ್ರಾಲರ್ ಓಡಿಸ್ತಿದೆ. ಇವತ್ತು ಅದರ ಇಂಡೆಕ್ಸಿನಲ್ಲಿ ನೂರಾರು ಕೋಟಿ ಪುಟಗಳಿವೆ. ಸ್ವೀಡನ್ನಿನ ಒಬ್ಬನೇ ಪ್ರೋಗ್ರಾಮರ್ 2021ರಲ್ಲಿ ಶುರುಮಾಡಿದ ಮಾರ್ಜಿನೇಲಿಯಾ ಮೊದಲು ಓಡಿದ್ದು ಮನೆಯಲ್ಲಿದ್ದ ಕಂಪ್ಯೂಟರಿನ ಮೇಲೆ. ಬರಹ ಜಾಸ್ತಿ ಇರೋ ಸಣ್ಣಪುಟ್ಟ ಸೈಟುಗಳನ್ನ ಅದು ಮೇಲಕ್ಕೆ ತರುತ್ತೆ, ಜಾಹೀರಾತು, ಸ್ಕ್ರಿಪ್ಟ್ ತುಂಬಿದ ಪುಟಗಳನ್ನ ಕೆಳಗಿಳಿಸುತ್ತೆ. ಅದರ ಕೋಡ್ ಮುಕ್ತವಾಗಿದೆ, ಬೇಕಾದವರು ಓದಬಹುದು.

ಇವು ಗೂಗಲಿಗೆ ಸಮ ಅಂತ ನಾನು ಹೇಳ್ತಿಲ್ಲ. ಅರ್ಧರಾತ್ರಿ ಕೋಡ್ ಎರರ್ ಕೊಟ್ಟರೆ ನಾನೂ ಗೂಗಲಿಗೇ ಓಡೋದು. ಆದರೆ ಇಡೀ ಜಗತ್ತನ್ನ ಒಂದೇ ಕಿಟಕಿಯಿಂದ ನೋಡೋದಕ್ಕೂ ಪಕ್ಕದಲ್ಲಿ ಇನ್ನೊಂದು ಸಣ್ಣ ಕಿಟಕಿ ಇರೋದಕ್ಕೂ ವ್ಯತ್ಯಾಸ ಇದೆ.

ನಮಗೆ ಇದು ಇನ್ನೂ ಹತ್ತಿರದ ವಿಷಯ. ಕನ್ನಡದಲ್ಲಿ ‘ಕೆರೆ’ ಒಂದೇ ಪದವಲ್ಲ. ಕೆರೆಯ, ಕೆರೆಗೆ, ಕೆರೆಯಲ್ಲಿ, ಕೆರೆಗಳಿಂದ — ಇವೆಲ್ಲ ಒಂದೇ ಅಂತ ಇಂಡೆಕ್ಸಿಗೆ ಗೊತ್ತಿರಬೇಕು. ‘ಮಳೆಗಾಲ’ ಅಂತಿರೋ ಪುಟ ‘ಕಾಲ’ ಅಂತ ಹುಡುಕಿದಾಗ ಸಿಗಬೇಕಾ, ಬೇಡವಾ? ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟುಗಳ ಬರಹವಂತೂ ತೆರೆ ಮೇಲೆ ಮಾತ್ರ ಕನ್ನಡ. ಒಳಗೆ ಇರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಅದನ್ನ ಪರಿವರ್ತಿಸದೆ ಇಂಡೆಕ್ಸ್ ಮಾಡಿದರೆ ಕನ್ನಡದಲ್ಲಿ ಹುಡುಕುವವನಿಗೆ ಸಿಗಲ್ಲ. ಇಂಥವನ್ನ ಕನ್ನಡ ಗೊತ್ತಿರೋ ಇಂಜಿನಿಯರ್‌ಗಳು ಮಾಡದೆ ಇನ್ಯಾರು ಮಾಡ್ತಾರೆ?

ಲೆಕ್ಕ ಹಾಕಿ ನೋಡಿ. ಪುಟಕ್ಕೆ 10 ಕೆಬಿ ಬರಹ ಅಂದುಕೊಂಡರೆ 1 ಲಕ್ಷ ಕನ್ನಡ ಪುಟಗಳಿಗೆ ಬೇಕಾಗೋದು ಸುಮಾರು 1 ಜಿಬಿ. ಸೈಟಿನವರಿಗೆ ತೊಂದರೆಯಾಗದಂತೆ, ಅವರ ರೋಬಾಟ್ಸ್ ಫೈಲಿನ ಮಾತು ಕೇಳಿಕೊಂಡು, ಸೆಕೆಂಡಿಗೆ ಒಂದೇ ಪುಟ ಇಳಿಸಿದರೂ 28 ಗಂಟೆಯಲ್ಲಿ ಮುಗಿಯುತ್ತೆ. ಹಾಸ್ಟೆಲ್ಲಿನ ಲ್ಯಾಪ್‌ಟಾಪ್ ಸಾಕು. ಕಷ್ಟ ಇರೋದು ಮೆಷಿನ್ನಿನಲ್ಲಲ್ಲ, ಯಾವ ಪುಟ ಮೊದಲು ಬರಬೇಕು ಅಂತ ನಿರ್ಧರಿಸೋದರಲ್ಲಿ. ಕಲಿಯೋಕೆ ಇರೋದೂ ಅಲ್ಲೇ.

ನಾವು ಫೈನಲ್ ಇಯರ್ ಪ್ರಾಜೆಕ್ಟ್ ಅಂತ ಯಾರದೋ ಎಪಿಐಗೆ ಇನ್ನೊಂದು ಚಂದದ ಮುಖ ಅಂಟಿಸ್ತೀವಿ. ಆ ಎಪಿಐ ನಿಂತ ದಿನ ನಮ್ಮ ಪ್ರಾಜೆಕ್ಟೂ ನಿಲ್ಲುತ್ತೆ. ಅದರ ಬದಲು ಈ ಸಲ ನಾಲ್ಕು ಜನ ಸೇರಿ ಒಂದು ಪುಟ್ಟ ಕನ್ನಡ ಇಂಡೆಕ್ಸ್ ಕಟ್ಟಿ. ವೈವಾದಲ್ಲಿ ‘ಗೂಗಲ್ ಇದೆಯಲ್ಲ, ಇದ್ಯಾಕೆ?’ ಅಂತ ಕೇಳಿದರೆ ಧೈರ್ಯವಾಗಿ ಹೇಳಿ: ‘ಸರ್, ಇದರ ಒಳಗೆ ಏನಾಗುತ್ತೆ ಅಂತ ನಮಗೆ ಗೊತ್ತು.’